ಏಳನೇ ಕ್ಲಾಸಿನ ಮಕ್ಕಳಿಗೆ ಡ್ರಗ್ ಟೆಸ್ಟ್: ಐದಕ್ಕೆ ಎರಡು ಸ್ಟಾರ್, ಆ ಎರಡೂ ನರ್ಸಮ್ಮನಿಗೆ

ಮೊದಲೇ ಹೇಳಿಬಿಡುತ್ತೇನೆ, ಈ ಟೆಸ್ಟ್ ಬೇಡ ಅಂತ ಗಲಾಟೆ ಮಾಡಿದವರ ಗುಂಪಿನಲ್ಲಿ ನಾನಿರಲಿಲ್ಲ. ಹೋದ ಜೂನ್‌ನಲ್ಲಿ ಶಾಲೆಯಿಂದ ಒಪ್ಪಿಗೆ ಫಾರ್ಮ್ ಬಂದಾಗ ಕುಕ್ಕರ್ ಮೂರನೇ ಸೀಟಿ ಹೊಡೆಯುವಷ್ಟರಲ್ಲಿ ಸಹಿ ಹಾಕಿ ಮಗನ ಬ್ಯಾಗಿಗೆ ತುರುಕಿದವಳು ನಾನೇ. ಆರನೇ ಕ್ಲಾಸಿನಿಂದ ಎಂಟರವರೆಗೆ, ತಿಂಗಳಿಗೆ ಒಂದು ದಿನ, ಮುಂಚೆ ಹೇಳದೆ, ಕಂಪ್ಯೂಟರ್ ಆರಿಸಿದ ಹತ್ತು ಮಕ್ಕಳಿಗೆ ಮೂತ್ರದ ಡ್ರಗ್ ಟೆಸ್ಟ್. ಹೊರಗಿನ ಒಂದು ಏಜೆನ್ಸಿಯವರು ಬಂದು ಮಾಡುತ್ತಾರೆ. ಒಂದು ಮಗುವಿಗೆ ವರ್ಷಕ್ಕೆ 900 ರೂಪಾಯಿ, ಫೀಸಿನಲ್ಲೇ ಸೇರಿಸಿಬಿಟ್ಟಿದ್ದರು. ದಂಡ ಅನ್ನಿಸಲಿಲ್ಲ. ಪುಣೆಯಲ್ಲಿ ಇರುವವರಿಗೆ ಗೊತ್ತು, 2024ರ ಫೆಬ್ರವರಿಯಲ್ಲಿ ಕುರಕುಂಭ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ನೂರಾರು ಕಿಲೋ ಎಂಡಿ ಅನ್ನುವ ಡ್ರಗ್ ಸಿಕ್ಕಿದ ಮೇಲೆ ಅಪ್ಪ-ಅಮ್ಮಂದಿರು ಎಲ್ಲಿ ಸೇರಿದರೂ ಅದೇ ಮಾತು. ನಾವು ಧಾರವಾಡದಿಂದ ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಸಿಂಹಗಡ ರೋಡಿನ ಟ್ರಾಫಿಕ್ಕಿಗೆ ಹೆದರಿದ್ದು ಬಿಟ್ಟರೆ ಈ ಊರಿಗೆ ನಾನು ಯಾವತ್ತೂ ಹೆದರಿದವಳಲ್ಲ. ಆಗ ಹೆದರಿದೆ.

ಈಗ ಒಂದು ವರ್ಷ ಮುಗಿದಿದೆ. ಮುಂದಿನ ವರ್ಷದ ಫಾರ್ಮ್ ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಬಾಟಲಿಯ ಕೆಳಗೆ ಇದೆ. ನಮ್ಮ ಕಡೆಯವರೇ ಮೂರ್ನಾಲ್ಕು ಜನ, ಕೊಥ್ರೂಡ್‌ನವರೊಬ್ಬರು, ಚಿಂಚವಡದವರಿಬ್ಬರು, ಹೇಗಿದೆ ಇದು, ನಮ್ಮ ಶಾಲೆಗೂ ಇಂಥವರು ಬಂದು ಹೋಗಿದ್ದಾರೆ ಅಂತ ಕೇಳಿದರು. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಹೆಸರಾಗಲಿ ಏಜೆನ್ಸಿಯ ಹೆಸರಾಗಲಿ ಹಾಕುವುದಿಲ್ಲ. ಮಗ ಇನ್ನೂ ಅಲ್ಲೇ ಓದಬೇಕಲ್ಲ.

ಸರ್ವೀಸ್ ಹೇಗಿದೆ ಅಂದರೆ, ನೋಡುವುದಕ್ಕೆ ನೀಟಾಗಿದೆ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ, ಒಬ್ಬ ನರ್ಸಮ್ಮ ಬರುತ್ತಾರೆ. ಮೆಡಿಕಲ್ ರೂಮಿನಲ್ಲಿ ಕೂರುತ್ತಾರೆ. ಪಕ್ಕದ ಬಾತ್‌ರೂಮಿನ ನಲ್ಲಿಗೆ ಟೇಪ್ ಸುತ್ತಿ, ಫ್ಲಶ್ ನೀರಿಗೆ ನೀಲಿ ಬಣ್ಣ ಹಾಕುತ್ತಾರೆ, ಯಾರೂ ನೀರು ಬೆರೆಸಬಾರದು ಅಂತ. ಮಗುವಿನ ಕೈಗೆ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಕಪ್ ಕೊಡುತ್ತಾರೆ. ಕಪ್ಪಿನ ಹೊರಗೆ ಶಾಖ ತೋರಿಸುವ ಒಂದು ಪಟ್ಟಿ, ನಾಲ್ಕು ನಿಮಿಷದ ಒಳಗೆ ಅದು 32ರಿಂದ 38 ಡಿಗ್ರಿ ತೋರಿಸಬೇಕು, ಇಲ್ಲದಿದ್ದರೆ ಇದು ಮೈಯಿಂದ ಈಗ ಬಂದದ್ದಲ್ಲ ಅಂತ ಲೆಕ್ಕ. ಒಳಗೆ ಏಳು ಸಣ್ಣ ಪಟ್ಟಿಗಳು. ಗಾಂಜಾಕ್ಕೆ ಒಂದು, ಮಾರ್ಫಿನ್‌ಗೆ ಒಂದು, ಕೊಕೇನ್, ಆಂಫೆಟಮೈನ್, ಮೆಥ್, ನಿದ್ದೆಮಾತ್ರೆ ಜಾತಿಯ ಎರಡು. ಐದು ನಿಮಿಷ ಕಾಯಬೇಕು, ಓದಬೇಕು, ಹತ್ತು ನಿಮಿಷ ದಾಟಿದ ಮೇಲೆ ಓದಿದರೆ ಅದು ಲೆಕ್ಕಕ್ಕಿಲ್ಲ. ಮಗುವಿನ ಹೆಸರು ಬರೆಯುವುದಿಲ್ಲ, ಬಾರ್‌ಕೋಡ್ ಅಂಟಿಸುತ್ತಾರೆ. ಇಷ್ಟರಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ ಹನ್ನೆರಡು ವರ್ಷದ ಮಕ್ಕಳು ಕಪ್ ಕೊಟ್ಟ ತಕ್ಷಣ ಕೆಲಸ ಮುಗಿಸಿ ಬರುವುದಿಲ್ಲ. ಹೊರಗೆ ಒಬ್ಬರು ಕಾಯುತ್ತಾ ನಿಂತಿದ್ದಾರೆ ಅಂತ ಗೊತ್ತಾದರೆ ದೊಡ್ಡವರಿಗೇ ಬರುವುದಿಲ್ಲ. ಮಗನ ಕ್ಲಾಸಿನ ಒಂದು ಹುಡುಗಿ ಮೂರು ಪೀರಿಯಡ್ ಆ ರೂಮಿನಲ್ಲೇ ಕೂತಿದ್ದಳು, ಬಾಟಲಿಗಟ್ಟಲೆ ನೀರು ಕುಡಿದು. ಕಡೆಗೆ ಕೊಟ್ಟದ್ದು ನೀರಿನಷ್ಟೇ ತೆಳು. ಮೂತ್ರದಲ್ಲಿ ಕ್ರಿಯಾಟಿನಿನ್ ಅಂತ ಒಂದು ಇರುತ್ತದೆ, ಅದು 20ಕ್ಕಿಂತ ಕಡಿಮೆ ಬಂದರೆ ‘ಡೈಲ್ಯೂಟ್’ ಅಂತ ಬರೆಯುತ್ತಾರೆ. ಅಂದರೆ ಟೆಸ್ಟ್ ಆಯಿತು ಅಂತಲೂ ಇಲ್ಲ, ಆಗಲಿಲ್ಲ ಅಂತಲೂ ಇಲ್ಲ. ಮುಂದಿನ ತಿಂಗಳು ಅವಳನ್ನು ಮತ್ತೆ ಕರೆದರು. ನೀವೇ ನೀರು ಕುಡಿಸಿ ಅವಳ ಮೇಲೇ ಅನುಮಾನ ಪಡುವುದು ಯಾವ ನ್ಯಾಯ?

ಇನ್ನು ನಮ್ಮ ಕಥೆ.

ಸೋಮವಾರ, ಹನ್ನೊಂದೂ ಮುಕ್ಕಾಲು. ನಾನು ಸ್ವಾರ್‌ಗೇಟ್ ಹತ್ತಿರದ ಆಫೀಸಿನಲ್ಲಿದ್ದೆ. ಮೊಬೈಲಿಗೆ ಮೆಸೇಜ್ ಬಂತು, ನಿಮ್ಮ ಮಗುವಿನ ಸ್ಯಾಂಪಲ್ ‘ನಾನ್-ನೆಗೆಟಿವ್’, ಶಾಲೆಯನ್ನು ಸಂಪರ್ಕಿಸಿ. ಪಾಸಿಟಿವ್ ಅಂತ ಹೇಳುವ ಧೈರ್ಯ ಇಲ್ಲ, ನೆಗೆಟಿವ್ ಅಂತ ಹೇಳುವ ಮನಸ್ಸಿಲ್ಲ. ಮದುವೆ ಮಾತುಕತೆಯಲ್ಲಿ ‘ಇಲ್ಲ ಅಂತ ಏನಿಲ್ಲ, ನೋಡೋಣ’ ಅನ್ನುತ್ತಾರಲ್ಲ, ಹಾಗೆ. ನನಗೆ ಅರ್ಥ ಆಗಲಿಲ್ಲ, ಕೈ ಮಾತ್ರ ನಡುಗಿತು. ಗಂಡನಿಗೆ ಫೋನ್ ಮಾಡಿದರೆ ಅವರು ಚಾಕಣ್‌ನ ಫ್ಯಾಕ್ಟರಿಯಲ್ಲಿ ಆಡಿಟ್‌ನಲ್ಲಿದ್ದರು, ತೆಗೆಯಲಿಲ್ಲ. ರಿಕ್ಷಾ ಹಿಡಿದು ಹೋದೆ.

ಮಗ ಮೆಡಿಕಲ್ ರೂಮಿನ ಬೆಂಚಿನ ಮೇಲೆ ಕೂತಿದ್ದ. ಎರಡೂ ಕೈ ತೊಡೆಯ ಕೆಳಗೆ. ಅಳುತ್ತಿರಲಿಲ್ಲ, ಅದೇ ಜಾಸ್ತಿ ಸಂಕಟ. ಏಜೆನ್ಸಿಯ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ‘ಓಪಿಯೇಟ್’ ಅಂದ. ಅಫೀಮು ಅಂತ ಗೊತ್ತಿತ್ತು. ಮನೆಯಲ್ಲಿ ಕೆಮ್ಮಿನ ಸಿರಪ್ ಇದ್ದರೂ ಬೀಗ ಹಾಕಿಡುವ ಮನೆ ನಮ್ಮದು. ಆ ಹುಡುಗನ ಹತ್ತಿರ ಒಂದು ಪ್ರಶ್ನೆಗಳ ಪಟ್ಟಿ ಇತ್ತು. ಗೆಳೆಯರು ಯಾರು, ಖರ್ಚಿಗೆ ಎಷ್ಟು ಕೊಡುತ್ತೀರಿ, ಮನೆಯಲ್ಲಿ ಜಗಳ ಇದೆಯಾ. ನಿನ್ನೆ ಏನು ತಿಂದಿರಿ ಅನ್ನುವ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಅದನ್ನು ಕೇಳಿದ್ದು ನರ್ಸಮ್ಮ. ಅಕ್ಕಲಕೋಟದ ಕಡೆಯವರು, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದರು. ಆ ಹುಡುಗ ಪ್ರಿಂಟ್ ತರಲು ಹೋದಾಗ ಹತ್ತಿರ ಬಂದು ಮೆಲ್ಲಗೆ ಕೇಳಿದರು, ‘ನಿನ್ನಿ ಮನಿಯಾಗ ಗಸಗಸಿ ಪಾಯಸ ಏನರ ಮಾಡಿದ್ರೇನ್ರಿ?’

ಹಿಂದಿನ ದಿನ ಭಾನುವಾರ ವಾರ್ಜೆಯಲ್ಲಿ ನನ್ನ ನಾದಿನಿಯ ಮನೆ ಗೃಹಪ್ರವೇಶ. ಪಾಯಸ ಮಾಡಿದ್ದು ನಮ್ಮತ್ತೆ. ಅವರ ಪಾಯಸ ನೀರುನೀರು ಇರುವುದಿಲ್ಲ. ಗಸಗಸೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಒಂದು ಹಿಡಿ ಅಕ್ಕಿಯ ಜೊತೆ ನೆನೆಸಿ, ಕಾಯಿತುರಿ ಏಲಕ್ಕಿ ಹಾಕಿ ಬೆಣ್ಣೆ ಹಾಗೆ ರುಬ್ಬಿ, ಬೆಲ್ಲದಲ್ಲಿ ಕುದಿಸುತ್ತಾರೆ. ಇವನು ಮಧ್ಯಾಹ್ನ ಎರಡು ಲೋಟ, ರಾತ್ರಿ ಉಳಿದದ್ದು ಒಂದು ಲೋಟ ಕುಡಿದಿದ್ದ. ‘ಕುಡಿ ಪುಟ್ಟಾ, ಚೆನ್ನಾಗಿ ನಿದ್ದೆ ಬರುತ್ತೆ’ ಅಂತ ಅಜ್ಜಿಯೇ ಕೊಟ್ಟದ್ದು. ನಮ್ಮಲ್ಲಿ ಎಲ್ಲ ಅಜ್ಜಿಯರೂ ಹೇಳುವ ಮಾತು ಅಲ್ವಾ ಅದು. ಯಾಕೆ ಹೇಳುತ್ತಾರೆ ಅಂತ ಯೋಚನೆ ಮಾಡಿರಲಿಲ್ಲ ಅಷ್ಟೇ.

ಗಸಗಸೆ ಅಫೀಮಿನ ಗಿಡದ ಬೀಜ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ತಗೊಂಡು ಬೆಳೆಯುತ್ತಾರೆ. ಕಾಯಿಯನ್ನು ಗೀರಿದರೆ ಬರುವ ಹಾಲು ಅಫೀಮು, ಅದೇ ಕಾಯಿ ಒಣಗಿದ ಮೇಲೆ ಒಳಗೆ ಸಿಗುವುದು ಗಸಗಸೆ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ, ಬೀಜವನ್ನು ಬಿಟ್ಟು ಗಿಡದ ಉಳಿದ ಭಾಗವನ್ನೆಲ್ಲ ಹಿಡಿಯುತ್ತದೆ, ಅದಕ್ಕೇ ಕಿರಾಣಿ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಆದರೆ ಬೀಜದ ಸಿಪ್ಪೆಗೆ ಅಂಟಿದ ಹಾಲಿನಲ್ಲಿ ಒಂದಿಷ್ಟು ಮಾರ್ಫಿನ್, ಕೊಡೀನ್ ಇದ್ದೇ ಇರುತ್ತದೆ. ಅಮಲು ಬರುವಷ್ಟಲ್ಲ, ಪಟ್ಟಿ ಹಿಡಿಯುವಷ್ಟು. ದುಬೈಗೆ ಹೋಗುವವರಿಗೆ ಗಸಗಸೆ ಒಯ್ಯಬೇಡಿ ಅಂತ ನಾವೇ ಹೇಳುತ್ತೇವೆ, ಅಲ್ಲಿ ಅದಕ್ಕೆ ನಿಷೇಧ. ಅಮೆರಿಕದ ಸೈನ್ಯ 2023ರ ಫೆಬ್ರವರಿಯಲ್ಲಿ ತನ್ನ ಸೈನಿಕರಿಗೇ ಗಸಗಸೆ ತಿನ್ನಬೇಡಿ ಅಂತ ಹೇಳಿತು, ಇದೇ ಟೆಸ್ಟಿನ ಕಾರಣಕ್ಕೆ.

ಇಲ್ಲಿ ಒಂದು ವಿಷಯ ಗಮನ ಇಟ್ಟು ಓದಿ, ಕಿಟ್ ಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ಪ್ರತಿ ಪಟ್ಟಿಗೂ ಒಂದು ಗಡಿ ಇರುತ್ತದೆ. ಒಂದು ಮಿಲಿಲೀಟರಿನಲ್ಲಿ ಇಷ್ಟು ನ್ಯಾನೋಗ್ರಾಂ ಮೀರಿದರೆ ಮಾತ್ರ ಹಿಡಿ ಅಂತ. ಮಾರ್ಫಿನ್‌ಗೆ ಅಮೆರಿಕದ ಸರ್ಕಾರಿ ಟೆಸ್ಟುಗಳಲ್ಲಿ ಮೊದಲು 300 ಇತ್ತು. ಗಸಗಸೆ ತಿಂದವರೆಲ್ಲ ಸಿಕ್ಕಿಬೀಳುತ್ತಾರೆ ಅಂತ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ನಮ್ಮ ಶಾಲೆಗೆ ತಂದ ಕಪ್ಪಿನಲ್ಲಿ ಇದ್ದದ್ದು 300. ಬ್ರೆಡ್ಡಿನ ಮೇಲೆ ಒಂದು ಚಿಟಿಕೆ ಗಸಗಸೆ ಉದುರಿಸಿಕೊಳ್ಳುವ ದೇಶದಲ್ಲೇ 300 ಸರಿ ಬರಲಿಲ್ಲ ಅಂತ ಬಿಟ್ಟ ಗಡಿಯನ್ನು ಲೋಟಗಟ್ಟಲೆ ಪಾಯಸ ಕುಡಿಯುವ ನಮ್ಮ ಮಕ್ಕಳಿಗೆ ಹಾಕಿದರೆ ಏನಾಗಬೇಕೋ ಅದೇ ಆಯಿತು.

ಕನ್ಫರ್ಮ್ ಟೆಸ್ಟ್‌ಗೆ ಅಂತ ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನುವ ಮಷೀನ್ ಅದು, ಪಟ್ಟಿಯ ಹಾಗೆ ಅಂದಾಜು ಮಾಡುವುದಿಲ್ಲ, ಯಾವ ವಸ್ತು ಎಷ್ಟಿದೆ ಅಂತ ಅಳೆಯುತ್ತದೆ. ಹೆರಾಯಿನ್ ತಗೊಂಡವರಲ್ಲಿ ಮಾತ್ರ ಕಾಣುವ ಒಂದು ವಸ್ತು ಇದೆ, 6-ಎಂಎಎಂ ಅಂತ, ಅದು ಇದೆಯಾ ಅಂತಲೂ ನೋಡುತ್ತಾರೆ. ರಿಪೋರ್ಟ್ ಬರಲು ಎಂಟು ದಿನ. ಬಂತು, ನೆಗೆಟಿವ್. ಅದಕ್ಕೆ ನಮ್ಮಿಂದ ಬೇರೆ 2,400 ರೂಪಾಯಿ ತಗೊಂಡರು, ಆಮೇಲೆ ನಾನು ಜಗಳ ಮಾಡಿ ವಾಪಸ್ ಪಡೆದೆ.

ಎಂಟು ದಿನ. ಮೊದಲ ಮೆಸೇಜ್ ನನಗೆ ಮಾತ್ರ ಬಂದಿರಲಿಲ್ಲ, ಕ್ಲಾಸ್ ಟೀಚರಿಗೆ, ಕೋಆರ್ಡಿನೇಟರಿಗೆ ಒಟ್ಟಿಗೆ ಹೋಗಿತ್ತು. ಬಾರ್‌ಕೋಡ್ ಅಂಟಿಸಿ ಹೆಸರು ಮುಚ್ಚಿಟ್ಟದ್ದಕ್ಕೆ ಏನರ್ಥ ಬಂತು? ಇವನು ಎರಡನೇ ಪೀರಿಯಡ್‌ನಲ್ಲಿ ಎದ್ದು ಹೋದವನು ಮಧ್ಯಾಹ್ನದವರೆಗೆ ವಾಪಸ್ ಬರಲಿಲ್ಲ, ಉಳಿದ ಒಂಬತ್ತು ಜನ ಬಂದರು. ಮಕ್ಕಳಿಗೆ ಲೆಕ್ಕ ಬರುವುದಿಲ್ಲವಾ? ಮಾರನೇ ದಿನದಿಂದ ಬಸ್ಸಿನಲ್ಲಿ ಇವನ ಹೆಸರು ‘ಗರ್ದುಲ್ಲಾ’. ಮರಾಠಿ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗರ್ದ್ ಅಂದರೆ ಬ್ರೌನ್ ಶುಗರ್, ಅದಕ್ಕೆ ಬಿದ್ದವನು ಗರ್ದುಲ್ಲಾ. ರಿಪೋರ್ಟ್ ನೆಗೆಟಿವ್ ಬಂದದ್ದನ್ನು ಬಸ್ಸಿನಲ್ಲಿ ಯಾರೂ ಓದಿ ಹೇಳಲಿಲ್ಲ. ಹೆಸರು ಮೇ ತಿಂಗಳವರೆಗೂ ಇತ್ತು.

ನನಗೆ ಸುಮ್ನೆ ಇರಲಾಗಲಿಲ್ಲ. ಆನ್‌ಲೈನ್‌ನಲ್ಲಿ ಅದೇ ಥರದ ಮೂರು ಕಿಟ್ ತರಿಸಿದೆ, ಒಂದಕ್ಕೆ 450 ರೂಪಾಯಿ ಬಿತ್ತು. ಶನಿವಾರ ಅತ್ತೆಯಿಂದ ಮತ್ತೆ ಪಾಯಸ ಮಾಡಿಸಿದೆ, ಯಾಕೆ ಅಂತ ಹೇಳದೆ. ರಾತ್ರಿ ನಾನು ಮೂರು ಲೋಟ, ಗಂಡ ಒಂದು ಲೋಟ. ಬೆಳಿಗ್ಗೆ ಆರಕ್ಕೆ ಇಬ್ಬರೂ ಕಪ್ ಹಿಡಿದು ಬಾತ್‌ರೂಮಿನ ಮುಂದೆ ಸರದಿಯಲ್ಲಿ ನಿಂತೆವು. ಮದುವೆಯಾಗಿ ಹದಿನಾರು ವರ್ಷದಲ್ಲಿ ಒಟ್ಟಿಗೆ ಏನೇನೋ ಮಾಡಿದ್ದೇವೆ, ಇದೊಂದು ಬಾಕಿ ಇತ್ತು.

ಮೊದಲ ಎರಡು ನಿಮಿಷ ನನ್ನ ಎದೆ ಬಾಯಿಗೆ ಬಂದಿತ್ತು. ಯಾಕೆಂದರೆ ಒಂದೊಂದೇ ಪಟ್ಟಿಯಲ್ಲಿ ಎರಡೆರಡು ಗೆರೆ ಮೂಡತೊಡಗಿದವು. ಹೆಂಗಸರಿಗೆ ಗೊತ್ತಿರುವ ಕಿಟ್ ಒಂದೇ, ಅದರಲ್ಲಿ ಎರಡು ಗೆರೆ ಅಂದರೆ ‘ಇದೆ’ ಅಂತ. ಇಲ್ಲಿ ಉಲ್ಟಾ. ಎರಡು ಗೆರೆ ಬಂದರೆ ಏನೂ ಇಲ್ಲ, ಒಂದೇ ಗೆರೆ ಉಳಿದರೆ ಸಿಕ್ಕಿತು. ಮಸುಕಾದ ಗೆರೆಯೂ ಗೆರೆಯೇ, ಅದನ್ನೂ ಇಲ್ಲ ಅಂತಲೇ ಓದಬೇಕು. ಡಬ್ಬಿಯ ಒಳಗಿನ ಚೀಟಿಯಲ್ಲಿ ಇದು ಇರುವೆ ಗಾತ್ರದ ಅಕ್ಷರದಲ್ಲಿ ಇದೆ. ಎಷ್ಟು ಮನೆಗಳಲ್ಲಿ ಇದನ್ನು ತಿರುಗುಮುರುಗು ಓದಿ ಮಕ್ಕಳಿಗೆ ಹೊಡೆದಿದ್ದಾರೋ ದೇವರಿಗೇ ಗೊತ್ತು. ಕಿಟ್ಟಿನ ಬಗ್ಗೆ ನನ್ನ ದೊಡ್ಡ ದೂರು ಇದೇ.

ಐದು ನಿಮಿಷಕ್ಕೆ ಆರು ಪಟ್ಟಿಗಳಲ್ಲಿ ನಾನು ಪಾಸು. ಮಾರ್ಫಿನ್ ಪಟ್ಟಿಯಲ್ಲಿ ಕೆಳಗಿನ ಗೆರೆ ಬರಲೇ ಇಲ್ಲ. ಬೆಳಕಿಗೆ ಹಿಡಿದೆ, ಕನ್ನಡಕ ಹಾಕಿ ನೋಡಿದೆ, ಇಲ್ಲ. ಗಂಡನ ಕಪ್ಪಿನಲ್ಲಿ ಮಸುಕಾಗಿ ಇತ್ತು, ಅಂದರೆ ಅವರು ಶುದ್ಧ. ಒಂದೇ ಪಾತ್ರೆಯ ಪಾಯಸ, ಒಂದೇ ಮನೆ. ಅಜ್ಜಿ ಅಡುಗೆಮನೆಯಿಂದ ಬಂದು ಎರಡು ಕಪ್ ನೋಡಿ, ‘ಏನದು, ಸಕ್ಕರೆ ಕಾಯಿಲೆಯಾ?’ ಅಂದರು. ಮಗ ಅವತ್ತು ತುಂಬಾ ದಿನದ ಮೇಲೆ ಜೋರಾಗಿ ನಕ್ಕ. ‘ಅಮ್ಮಾ ಗರ್ದುಲ್ಲಾ’ ಅಂದ.

ಆ ನಗುವಿನ ಬೆನ್ನಿಗೇ ಅವನು ಹೇಳಿದ ಮಾತು ಇದು. ‘ಎಂಟನೇ ಕ್ಲಾಸಿನವರು ಇಬ್ಬರು ಕರ್ಚೀಫಿಗೆ ಥಿನ್ನರ್ ಹಾಕ್ಕೊಂಡು ಮೂಸ್ತಾರಮ್ಮ, ಜಿಮ್ ಹಿಂದೆ. ಒಬ್ಬನಿಗೆ ಟೆಸ್ಟೂ ಆಯ್ತು. ಏನೂ ಬರಲಿಲ್ಲ.’

ನನಗೆ ಮಾತೇ ಹೊರಡಲಿಲ್ಲ. ಕಪ್ಪನ್ನು ಮತ್ತೆ ನೋಡಿದೆ. ಏಳು ಪಟ್ಟಿ. ಥಿನ್ನರ್ ಇಲ್ಲ, ವೈಟ್ನರ್ ಇಲ್ಲ, ಪೆಟ್ರೋಲ್ ಇಲ್ಲ. ತಂಬಾಕು ಇಲ್ಲ, ಗುಟ್ಕಾ ಇಲ್ಲ, ಹೈಲೈಟರ್ ಪೆನ್ನಿನ ಹಾಗೆ ಕಾಣುವ ಆ ವೇಪ್ ಇಲ್ಲ. ಬಿಯರ್ ಇಲ್ಲ. ಅಷ್ಟೇ ಯಾಕೆ, ನಾನು ಯಾವುದಕ್ಕೆ ಹೆದರಿ ಸಹಿ ಹಾಕಿದೆನೋ ಆ ಕುರಕುಂಭದ ಎಂಡಿ, ಅಂದರೆ ಮೆಫೆಡ್ರೋನ್, ಅದಕ್ಕೂ ಒಂದು ಪಟ್ಟಿ ಇಲ್ಲ. 2015ರಲ್ಲೇ ಅದನ್ನು ಎನ್‌ಡಿಪಿಎಸ್ ಕೆಳಗೆ ತಂದಾಗಿದೆ, ಈ ಕಪ್ಪಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಎಮ್ಮೆ ಕಳೆದದ್ದು ಹೊಲದಲ್ಲಿ, ಹುಡುಕುವುದು ಹಿತ್ತಲಲ್ಲಿ.

ಸುಮ್ನೆ ಹೇಳುತ್ತಿಲ್ಲ. ದೆಹಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ದೇಶದ ಸರ್ವೆ ಮಾಡಿ 2019ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಸಾಲು ಇದೆ. ಎಲ್ಲ ಅಮಲುಗಳಲ್ಲೂ ದೊಡ್ಡವರೇ ಮುಂದೆ. ಮೂಸುವ ವಸ್ತುಗಳಲ್ಲಿ ಮಾತ್ರ 10ರಿಂದ 17 ವರ್ಷದವರು ದೊಡ್ಡವರನ್ನು ದಾಟಿದ್ದಾರೆ, ಅವರಲ್ಲಿ 1.17 ಪರ್ಸೆಂಟ್, ದೊಡ್ಡವರಲ್ಲಿ 0.58. ಇದಕ್ಕೇ ಚಿಕಿತ್ಸೆಯ ಸಹಾಯ ಬೇಕಾದ ಮಕ್ಕಳು ದೇಶದಲ್ಲಿ 4.6 ಲಕ್ಷ ಅಂತ ಅಂದಾಜು. ಇದು ಬೇರೆ ಅಮಲಿನ ಹಾಗೆ ನಿಧಾನಕ್ಕೆ ಕೆಡಿಸುವುದು ಮಾತ್ರ ಅಲ್ಲ, ಎದೆಬಡಿತ ತಪ್ಪಿ ಮೊದಲ ಸಲವೇ ಜೀವ ಹೋಗಬಹುದು. ಆರು-ಏಳು-ಎಂಟನೇ ಕ್ಲಾಸಿಗೆ ಟೆಸ್ಟ್ ಮಾರುವವರಿಗೆ ಇದು ಗೊತ್ತಿರಬೇಡವಾ? ಕೇಳಿದರೆ, ‘ಮೇಡಂ, ಇದು ಸ್ಟ್ಯಾಂಡರ್ಡ್ ಪ್ಯಾನೆಲ್’ ಅಂದರು. ಯಾರ ಸ್ಟ್ಯಾಂಡರ್ಡ್? ಅಮೆರಿಕದಲ್ಲಿ ಲಾರಿ ಡ್ರೈವರಿಗೆ, ಕೆಲಸಕ್ಕೆ ಸೇರುವವರಿಗೆ ಮಾಡುವ ಟೆಸ್ಟಿನ ತಮ್ಮ ಇದು.

ಅಮೆರಿಕ ಅಂದಾಗ ನೆನಪಾಯಿತು, ಏಜೆನ್ಸಿಯವರು ಜೂನ್‌ನಲ್ಲಿ ತೋರಿಸಿದ ಸ್ಲೈಡುಗಳಲ್ಲಿ ಹಳದಿ ಸ್ಕೂಲ್ ಬಸ್ ಇತ್ತು. ಅಲ್ಲಿಯ ಸುಪ್ರೀಂ ಕೋರ್ಟೇ ಒಪ್ಪಿದೆ ಅಂದಿದ್ದರು. ನಿಜ, ಒಪ್ಪಿದೆ. ಆರೆಗಾನ್ ರಾಜ್ಯದ ವರ್ನೋನಿಯಾ ಅನ್ನುವ ಚಿಕ್ಕ ಊರಿನಲ್ಲಿ ಜೇಮ್ಸ್ ಆ್ಯಕ್ಟನ್ ಅನ್ನುವ ಹುಡುಗ, ನಮ್ಮವನ ಹಾಗೇ ಏಳನೇ ಕ್ಲಾಸು, ಫುಟ್‌ಬಾಲ್ ತಂಡಕ್ಕೆ ಸೇರಬೇಕಿತ್ತು. ಟೆಸ್ಟಿನ ಫಾರ್ಮಿಗೆ ಅವನ ಅಪ್ಪ-ಅಮ್ಮ ಸಹಿ ಹಾಕಲಿಲ್ಲ. ಕೇಸ್ ಮೇಲಿನವರೆಗೆ ಹೋಗಿ 1995ರಲ್ಲಿ 6-3ರಲ್ಲಿ ಶಾಲೆ ಗೆದ್ದಿತು. 2002ರಲ್ಲಿ ಒಕ್ಲಹೋಮಾದ ಇನ್ನೊಂದು ಕೇಸಿನಲ್ಲಿ ಹಾಡಿನ ತಂಡದ ಮಕ್ಕಳಿಗೂ ಮಾಡಬಹುದು ಅಂದರು, 5-4ರಲ್ಲಿ. ಆದರೆ ಗಮನಿಸಿ, ಅಲ್ಲೂ ಆಟಕ್ಕೆ, ಹಾಡಿಗೆ ಸೇರುವವರಿಗೆ ಅಂತ ಒಪ್ಪಿದ್ದು, ಸುಮ್ನೆ ಗಣಿತದ ಕ್ಲಾಸಿನಲ್ಲಿ ಕೂತ ಮಗುವನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಅಂತ ಅಲ್ಲ. ಮತ್ತೆ, ಮಾಡಬಹುದು ಅನ್ನುವುದು ಒಂದು, ಉಪಯೋಗ ಇದೆ ಅನ್ನುವುದು ಇನ್ನೊಂದು. 2003ರಲ್ಲಿ ಮಿಷಿಗನ್ ಯೂನಿವರ್ಸಿಟಿಯವರು ಸುಮಾರು 76,000 ಮಕ್ಕಳನ್ನು ನೋಡಿ, ಟೆಸ್ಟ್ ಇರುವ ಶಾಲೆಗೂ ಇಲ್ಲದ ಶಾಲೆಗೂ ವ್ಯತ್ಯಾಸ ಕಾಣಲಿಲ್ಲ ಅಂದರು. ಅಲ್ಲಿಯ ಮಕ್ಕಳ ಡಾಕ್ಟರುಗಳ ಅಕಾಡೆಮಿ ಇದನ್ನು ಎಲ್ಲ ಶಾಲೆಗೂ ಹರಡುವುದು ಬೇಡ ಅಂತಲೇ 2015ರಲ್ಲಿ ಹೇಳಿತು. ನ್ಯಾಯವಾಗಿ ಹೇಳಬೇಕು ಅಂದರೆ 2010ರಲ್ಲಿ 36 ಹೈಸ್ಕೂಲುಗಳ ಸರ್ಕಾರಿ ಅಧ್ಯಯನದಲ್ಲಿ ಸ್ವಲ್ಪ ಫರಕು ಕಂಡಿತ್ತು, ಟೆಸ್ಟ್ ಇದ್ದ ಕಡೆ ಹಿಂದಿನ ತಿಂಗಳು ತಗೊಂಡೆವು ಅಂದವರು 16 ಪರ್ಸೆಂಟ್, ಇಲ್ಲದ ಕಡೆ 22. ಆದರೆ ಮುಂದೆ ತಗೊಳ್ಳುತ್ತೇವೆ ಅನ್ನುವವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇವು ಯಾವುವೂ ನಮಗೆ ತೋರಿಸಿದ ಸ್ಲೈಡುಗಳಲ್ಲಿ ಇರಲಿಲ್ಲ.

ನನ್ನ ಗಂಡ ಕ್ವಾಲಿಟಿ ಕಂಟ್ರೋಲ್‌ನವರು, ದಿನವೂ ಬೋಲ್ಟುಗಳ ಸ್ಯಾಂಪಲ್ ಎತ್ತುವುದೇ ಕೆಲಸ. ಅವರು ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದರು. ಮೂರು ಕ್ಲಾಸಿಗೆ ಸೇರಿ 240 ಮಕ್ಕಳು. ತಿಂಗಳಿಗೆ ಹತ್ತು, ಹತ್ತು ತಿಂಗಳಿಗೆ ನೂರು ಟೆಸ್ಟ್. ಪ್ರತಿ ತಿಂಗಳೂ ಎಲ್ಲರ ಹೆಸರನ್ನೂ ಮತ್ತೆ ಡಬ್ಬಿಗೆ ಹಾಕಿ ಎತ್ತಿದರೆ ಒಂದು ಮಗು ವರ್ಷವಿಡೀ ಸಿಗದೇ ಉಳಿಯುವ ಸಾಧ್ಯತೆ 65 ಪರ್ಸೆಂಟ್. ಮೂವರಲ್ಲಿ ಇಬ್ಬರ ಸರದಿ ಬರುವುದೇ ಇಲ್ಲ. ಸಿಕ್ಕವರಲ್ಲೂ ಗಾಂಜಾ ಅಪರೂಪಕ್ಕೆ ಎಳೆದವನ ಮೂತ್ರದಲ್ಲಿ ಎರಡು ಮೂರು ದಿನ ಮಾತ್ರ ಕಾಣುತ್ತದೆ. ಹಣದ ಲೆಕ್ಕ ಇನ್ನೂ ಚೆಂದ. 240 ಮಕ್ಕಳಿಂದ 900ರಂತೆ 2,16,000 ರೂಪಾಯಿ. ನೂರು ಕಪ್, ನಾನು ಬಿಡಿಯಾಗಿ ಕೊಂಡ ರೇಟಿನಲ್ಲೇ ಹಿಡಿದರೂ 45,000. ಉಳಿದದ್ದು ಸರ್ವೀಸ್, ವ್ಯಾನ್, ಮತ್ತು ಒಂದು ‘ಜಾಗೃತಿ ಕಾರ್ಯಕ್ರಮ’. ಅದರಲ್ಲಿ ಒಬ್ಬರು ಬಂದು ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ, ಮಕ್ಕಳಿಗೆ ‘ನೋ’ ಅಂತ ಮೂರು ಸಲ ಕೂಗಿಸಿ ಹೋದರು.

ಗೇಟಿನಿಂದ ಅರವತ್ತು ಹೆಜ್ಜೆ ದೂರದಲ್ಲಿ ಒಂದು ಟಪರಿ, ಅಂದರೆ ಗೂಡಂಗಡಿ, ಇದೆ. ನಾನೇ ಎಣಿಸಿದೆ. ಶಾಲೆಯಿಂದ 100 ಗಜದ ಒಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆ. ಮಹಾರಾಷ್ಟ್ರದಲ್ಲಿ ಗುಟ್ಕಾಕ್ಕೆ 2012ರಿಂದ ನಿಷೇಧ. ಮಗುವಿನ ಕೈಗೆ ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಜೈಲು. ಟಪರಿಯಲ್ಲಿ ಚಾಕೊಲೇಟಿನ ಬರಣಿ ಮುಂದೆ ಇದೆ, ಉಳಿದದ್ದು ಹಿಂದೆ. ಮಕ್ಕಳ ಮೂತ್ರ ನೋಡುವ ಮೊದಲು ಇದನ್ನು ನೋಡಬಹುದಿತ್ತು ಅಂತ ಮೀಟಿಂಗಿನಲ್ಲಿ ಹೇಳಿದೆ. ಅದು ಶಾಲೆಯ ಆವರಣದ ಹೊರಗೆ ಬರುತ್ತದೆ ಅಂದರು.

ಆದರೂ ನನಗೆ ಚುಚ್ಚುವುದು ಶಾಲೆಯಲ್ಲ, ನಾನೇ. ಸಹಿ ಹಾಕಿದ ದಿನದಿಂದ ನಾನು ಮಗನನ್ನು ಈ ವಿಷಯ ಒಂದು ಮಾತೂ ಕೇಳಿರಲಿಲ್ಲ. ಮೊದಲು ಬಸ್ ಇಳಿದ ತಕ್ಷಣ ಯಾರು ಏನು ಮಾಡಿದರು, ಯಾರ ಬ್ಯಾಗಿನಲ್ಲಿ ಏನಿತ್ತು ಅಂತ ಕೆದಕುತ್ತಿದ್ದೆ, ಅವನೂ ಬಡಬಡ ಹೇಳುತ್ತಿದ್ದ. ಟೆಸ್ಟ್ ಇದೆಯಲ್ಲ, ಅವರು ನೋಡಿಕೊಳ್ಳುತ್ತಾರೆ ಅಂತ ಬಿಟ್ಟುಬಿಟ್ಟೆ. ಥಿನ್ನರ್ ವಿಷಯ ಅವನಿಗೆ ಆಗಸ್ಟ್‌ನಿಂದ ಗೊತ್ತಿತ್ತಂತೆ. ನನಗೆ ಗೊತ್ತಾದದ್ದು ಡಿಸೆಂಬರ್‌ನಲ್ಲಿ, ಅದೂ ಪಾಯಸದ ದೆಸೆಯಿಂದ.

ಆ ಇಬ್ಬರು ಹುಡುಗರ ಮನೆಗೆ ವಿಷಯ ಮುಟ್ಟಿಸಿದ್ದೂ ನರ್ಸಮ್ಮನೇ. ಟೀಚರಿಗೆ ಹೇಳಿದರೆ ಟಿಸಿ ಕೊಟ್ಟು ಕಳಿಸುತ್ತಾರೆ ಅಂತ ನನಗೆ ಭಯ ಇತ್ತು, ಅದಕ್ಕೆ ಅವರಿಗೇ ಫೋನ್ ಮಾಡಿದೆ. ಅವರು ಶಾಲೆಯ ಕೌನ್ಸೆಲರ್ ಜೊತೆ ಕೂತು ಮಾತಾಡಿದರು, ಆ ಅಪ್ಪ-ಅಮ್ಮಂದಿರಿಗೆ 14446 ಸಹಾಯವಾಣಿ ಕೊಟ್ಟರು, ಯೆರವಡಾದಲ್ಲಿ 1986ರಿಂದ ಇರುವ ಮುಕ್ತಾಂಗಣ ಅನ್ನುವ ವ್ಯಸನ ಬಿಡಿಸುವ ಕೇಂದ್ರದ ಬಗ್ಗೆ ಹೇಳಿದರು. ಇದು ಯಾವುದೂ ಅವರ ಡ್ಯೂಟಿ ಅಲ್ಲ. ಎರಡು ಸ್ಟಾರ್ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನನ್ನ ಜಗಳದಿಂದ ಒಂದು ಬದಲಾವಣೆ ಆಗಿದೆ, ಅದನ್ನೂ ಹೇಳಬೇಕು. ಈ ವರ್ಷದಿಂದ ಲ್ಯಾಬಿನ ಕನ್ಫರ್ಮ್ ರಿಪೋರ್ಟ್ ಬರುವವರೆಗೆ ಟೀಚರಿಗೆ ಮೆಸೇಜ್ ಹೋಗುವುದಿಲ್ಲವಂತೆ, ಮನೆಗೆ ಮಾತ್ರ. ಮತ್ತೆ ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಗೆ ಒಂದು ಸಾಲು ಸೇರಿದೆ, ‘ಕಳೆದ ಎರಡು ದಿನದಲ್ಲಿ ಖಸ್‌ಖಸ್ ತಿಂದಿದ್ದೀರಾ’. ಗಡಿ ಮಾತ್ರ ಇನ್ನೂ 300. ಹಳೇ ಸ್ಟಾಕ್ ಮುಗಿಯಬೇಕಂತೆ.

ಫಾರ್ಮನ್ನು ಈ ಸಲ ಓದಿದೆ. ಎರಡನೇ ಪುಟದ ಕೆಳಗೆ ‘ಒಪ್ಪಿಗೆ ಇಲ್ಲ’ ಅನ್ನುವ ಚೌಕ ಇದೆ, ಹೋದ ವರ್ಷವೂ ಇತ್ತಂತೆ. ಅಲ್ಲಿ ಟಿಕ್ ಹಾಕಿದ್ದೇನೆ. 900 ರೂಪಾಯಿ ಆಗಲೂ ಕಟ್ಟಬೇಕು, ಅದು ಬೇರೆ ಮಾತು. ಮಗನಿಗೆ ಹೇಳಿದೆ. ಅವನು, ‘ಹಾಗಾದ್ರೆ ಎಲ್ರೂ ನಾನು ಹೆದರಿಕೊಂಡೆ ಅಂತಾರೆ’ ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸಂಕ್ರಾಂತಿಗೆ ಅಜ್ಜಿ ಪಾಯಸ ಮಾಡಿದಾಗಲೂ ಲೋಟವನ್ನು ಆಚೆ ಸರಿಸಿ ‘ನಾಳೆ ಶಾಲೆ ಇದೆ’ ಅಂದಿದ್ದ. ರಜೆಯಲ್ಲಿ ಮಾತ್ರ ಕುಡಿಯುತ್ತಾನೆ ಈಗ.

ಮೂರು ಕಿಟ್ ತರಿಸಿದ್ದೆ, ಒಂದು ಹಾಗೇ ಉಳಿದಿದೆ. ಎಕ್ಸ್‌ಪೈರಿ ಇನ್ನೂ ಹತ್ತು ತಿಂಗಳು ಇದೆ. ಸಿಂಹಗಡ ರೋಡ್ ಕಡೆ ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಎರಡು ಗೆರೆ ಅಂದರೆ ಏನೂ ಇಲ್ಲ ಅಂತ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ.